ನಾಲ್ಕು ಬೆರಳಿನ ಸೆರಗು

ದಾನೇಶ್ವರಿ ಕೇಳಿದ್ದು ಅಂಡಮಾನ್, ಸಿಕ್ಕಿದ್ದು ಬೀಳಗಿ ತಾಲೂಕು.

ತಪ್ಪೆಲ್ಲ ಗಂಡ ಕಲ್ಮೇಶನದೇ ಎಂದರೆ ಅನ್ಯಾಯವಾದೀತು. ಲೋಕಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಆ ಮನುಷ್ಯ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಫೋನು ಹಿಡಿದು ಕೂತು, ನೀಲಿ ಸಮುದ್ರ, ಬಿಳಿ ಮರಳು, ತೆಂಗಿನ ಮರಕ್ಕೆ ಕಟ್ಟಿದ ಜೋಲಿ ಎಲ್ಲವನ್ನೂ ಹೆಂಡತಿಗೆ ತೋರಿಸಿ ಆಸೆ ಹಚ್ಚಿದ್ದು ನಿಜ. ಅದರಲ್ಲೂ ಎಲ್ಲರೂ ನೋಡುವ ಜಾಗ ಅವನಿಗೆ ಬೇಡ. 'ಯಾರಿಗೂ ಗೊತ್ತಿಲ್ಲದ ದ್ವೀಪದ ಗುಟ್ಟಿನ ತಾಣಗಳು' ಎಂಬಂಥ ವಿಡಿಯೊ ಕಂಡರೆ ಊಟ ಬಿಟ್ಟು ನೋಡುತ್ತಿದ್ದ. ಲಕ್ಷಾಂತರ ಜನ ನೋಡಿದ ಮೇಲೆ ಅದು ಯಾರಿಗೂ ಗೊತ್ತಿಲ್ಲದ ಜಾಗ ಹೇಗಾಯಿತು ಎಂದು ಅವನು ಒಮ್ಮೆಯೂ ಯೋಚಿಸಿದವನಲ್ಲ.

ವಿಮಾನದ ಟಿಕೆಟ್ಟು ತೆಗೆಸುವಷ್ಟರಲ್ಲಿ ದಾನೇಶ್ವರಿ ಬಸಿರಾದಳು. ಮದುವೆಯಾಗಿ ಆರು ವರ್ಷ. ಹಿಂದೆ ಎರಡು ಸಲ ನಿಂತಿದ್ದು ಎರಡೂ ಸಲ ಮೂರು ತಿಂಗಳು ದಾಟದೆ ಹೋಗಿತ್ತು. ಈ ಸಲ ಐದನೆಯ ತಿಂಗಳು ಹಿಡಿದಿತ್ತು. ಈ ಕೂಸು ಉಳಿಯಬೇಕು, ಅವ್ವನ ಕೈಯಲ್ಲಿ ಬಾಣಂತನವಾಗಬೇಕು, ಇವೆರಡು ಬಿಟ್ಟು ಅವಳಿಗೆ ಈಗ ಬೇರೆ ಏನೂ ಬೇಕಿರಲಿಲ್ಲ. ಆದರೆ ಮನೆಯಲ್ಲಿ ಕೂತು ಕೂತು ಹಿಂದಿನ ಎರಡನ್ನೇ ನೆನೆಸುತ್ತ ಅವಳು ಒಣಗುತ್ತಿದ್ದುದನ್ನು ಅತ್ತೆ ಶಿವಗಂಗವ್ವ ನೋಡಿದಳು.

"ಆಕಾಶದಾಗ ಹಾರಾಡೋದು ಬ್ಯಾಡ," ಎಂದಳು ಮಗನಿಗೆ. "ನೆಲದ ಮ್ಯಾಲ ಎಲ್ಲಿಗರೆ ಕರಕೊಂಡು ಹೋಗು. ನಾಕು ದಿನಾ ಗಾಳಿ ಬಡೀಲಿ ಅಕಿಗೆ."

ಕಲ್ಮೇಶ ಫೋನಿನಲ್ಲಿ ಹುಡುಕಿದ. ಬೀಳಗಿ ಕಡೆ ಹಿನ್ನೀರಿನ ನಡುವೆ ಮುಳುಗಡೆಯಾದ ಹಳ್ಳಿಯ ಗುಡ್ಡವೊಂದು ದ್ವೀಪವಾಗಿ ಉಳಿದಿತ್ತು. ಹಳೇ ಜಾಲಿಕೊಪ್ಪ ಅದರ ಹೆಸರು. ಗಂಗಾರಾಮ ಎಂಬ ಅಂಬಿಗ ಗುಡ್ಡದ ಮೇಲೆ ಎರಡು ಡೇರೆ ಹಾಕಿ, ಬಂದವರಿಗೆ ರೊಟ್ಟಿ ಬಡಿದು ಹಾಕುತ್ತಿದ್ದ. "ದ್ವೀಪ ನೋಡಬೇಕಂದಿದ್ದಿಯಲ್ಲ, ಸುತ್ತಲೂ ನೀರು ಐತಿ ನೋಡು," ಎಂದು ಕಲ್ಮೇಶ ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ. ದಾನೇಶ್ವರಿ ನಕ್ಕುಬಿಟ್ಟಳು. ಬಹಳ ದಿನದ ಮೇಲೆ ನಕ್ಕಿದ್ದಳು.

ಜಾಗ ಅವಳು ಎಣಿಸಿದ್ದಕ್ಕಿಂತ ಚೆಲುವಾಗಿತ್ತು. ಗುಡ್ಡದ ನೆತ್ತಿಯಲ್ಲಿ ಹಣಮಪ್ಪನ ಹಳೆಯ ಗುಡಿ, ಪೂರ್ವದ ತುದಿಯಲ್ಲಿ ಉದ್ದ ಕಾಲಿನ ಹಕ್ಕಿಗಳ ಹಿಂಡು, ಕಣ್ಣು ಹಾಯುವವರೆಗೆ ನೀರು. ಬಂದವರೆಲ್ಲ ಗುಡಿ ನೋಡಿ, ಹಕ್ಕಿಗಳ ಫೋಟೊ ಹೊಡೆದು, ಮರಳಿ ದೋಣಿ ಹತ್ತುವುದು ವಾಡಿಕೆ. ಕಲ್ಮೇಶನಿಗೆ ಅಷ್ಟಕ್ಕೆ ತೃಪ್ತಿಯಾದೀತೆ? ಮೊದಲ ದಿನವೇ ಹೆಂಡತಿಯ ಕೈಹಿಡಿದು ಯಾರೂ ಹೋಗದ ಕಡೆಗೆಲ್ಲ ಕರೆದೊಯ್ದ. ಬೇಸಿಗೆಗೆ ನೀರು ಇಳಿದಂತೆ ಹಳೆಯ ಊರು ತಳದಿಂದ ಮೇಲಕ್ಕೆ ಏಳುತ್ತಿತ್ತು. ಶಾಲೆಯ ಧ್ವಜದ ಕಟ್ಟೆ, ಕಾಳು ತುಂಬಿಡುವ, ಬಾಯಿ ತೆರೆದ ಹಗೇವು, ಯಾರದೋ ಅಂಗಳದ ಒರಳುಕಲ್ಲು. ಊರು ಬಿಡುವಾಗ ಜನ ಬಾಗಿಲು ಚೌಕಟ್ಟುಗಳನ್ನೆಲ್ಲ ಕಿತ್ತುಕೊಂಡು ಹೋಗಿದ್ದರು. ಉಳಿದ ಗೋಡೆಗಳು ಹಲ್ಲು ಬಿದ್ದ ಬಾಯಿಗಳ ಹಾಗೆ ಕಾಣುತ್ತಿದ್ದವು. ಕಲ್ಮೇಶ ಎಲ್ಲದರ ಮುಂದೆಯೂ ನಿಂತು ವಿಡಿಯೊ ಮಾಡಿಕೊಂಡ.

ಎರಡನೆಯ ದಿನ ಮಧ್ಯಾಹ್ನ ಉಂಡು ಅವನು ಬೇವಿನ ಮರದ ಬುಡದಲ್ಲಿ ಮಲಗಿದ. ಗಂಗಾರಾಮ ಸಾಮಾನು ತರಲು ದಡಕ್ಕೆ ಹೋಗಿದ್ದ. ದಾನೇಶ್ವರಿಗೆ ನಿದ್ದೆ ಬರಲಿಲ್ಲ. ಮಲಗಿದರೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂಸು ಮಿಸುಕುತ್ತದೋ ಇಲ್ಲವೋ ಎಂದು ಕಾಯುವುದೇ ಕೆಲಸವಾಗಿತ್ತು. ಅದಿನ್ನೂ ಒಮ್ಮೆಯೂ ಮಿಸುಕಿರಲಿಲ್ಲ. ಡಾಕ್ಟರಮ್ಮ ಇನ್ನೇನು ಗೊತ್ತಾಗುತ್ತದೆ ಎಂದಿದ್ದಳು. ಆ ಇನ್ನೇನು ಎಂಬ ಮಾತು ಅವಳ ಪ್ರಾಣ ಹಿಂಡುತ್ತಿತ್ತು. ಅದಕ್ಕೇ ಎದ್ದು, ಸೆರಗು ತಲೆಗೆ ಹೊದ್ದು, ಅವರಿನ್ನೂ ನೋಡದಿದ್ದ ಪಡುವಣ ಇಳಿಜಾರಿನ ಕಡೆ ನಡೆದಳು.

ಜಾಲಿಮುಳ್ಳು ದಾಟಿದರೆ ಕಲ್ಲು ಹಾಸಿದ ಒಂದು ಓಣಿ ಕೆಳಕ್ಕೆ ಇಳಿದಿತ್ತು. ಹಕ್ಕಿಗಳ ಸದ್ದು ಅಲ್ಲಿಗೆ ಬರುತ್ತಿರಲಿಲ್ಲ. ಬಿಸಿಲು ಕೆಂಡದಂತಿದ್ದರೂ ಓಣಿಯ ಕಲ್ಲು ತಣ್ಣಗಿತ್ತು, ಚಪ್ಪಲಿಯೊಳಗೂ ತಂಪು ಹತ್ತಿತು. ಎರಡೂ ಬದಿಯ ಮನೆಗಳ ನಡುಮನೆಗಳಲ್ಲಿ ಚೌಕಾಕಾರದ ಕುಣಿಗಳು ಕಂಡವು. ಬೇರೆ ಯಾರಾದರೂ ಆಗಿದ್ದರೆ ಕಾಳಿನ ಕುಣಿ ಎಂದುಕೊಳ್ಳುತ್ತಿದ್ದರು. ದಾನೇಶ್ವರಿ ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. ಅವು ಮಗ್ಗದ ಕುಣಿಗಳು, ನೇಯುವವರು ಕಾಲು ಇಳಿಬಿಟ್ಟು ಕೂರುವ ಜಾಗ. ಇದು ನೇಕಾರರ ಓಣಿ.

ಓಣಿಯ ಕೊನೆಯ ಮನೆಗೆ ಮಾತ್ರ ಚೌಕಟ್ಟು ಉಳಿದಿತ್ತು, ಮೇಲೆ ಸೂರೂ ಇತ್ತು. ಒಳಗೆ ಹೊಕ್ಕಳು. ನೆಲ ಸಾರಿಸಿದ ಹಾಗಿತ್ತು. ನಡುಮನೆಯಲ್ಲಿ ಮಗ್ಗ, ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸುನೂಲು. ಎಳೆಗಳ ಮೇಲೆ ಒಂದು ಕಣ ಧೂಳಿರಲಿಲ್ಲ. ಹಸಿರು ಸೀರೆ, ಕುಬಸಕ್ಕೆ ನೇಯುವಂಥದ್ದು. ಮಗಳು ಬಸಿರಾದಾಗ ತವರಿನವರು ಒಯ್ದು ಉಡಿಸಿ, ಉಡಿ ತುಂಬಿ, ಹೆರಿಗೆಗೆ ಕರೆಯುವ ಆ ಹಸಿರನ್ನು ಅವಳು ಕಣ್ಣು ಮುಚ್ಚಿದರೂ ಗುರುತಿಸಬಲ್ಲಳು. ಒಡಲೆಲ್ಲ ಮುಗಿದು ಕೆಂಪು ಸೆರಗೂ ಮುಗಿಯುತ್ತ ಬಂದಿತ್ತು. ನಾಲ್ಕು ಬೆರಳಗಲ ನೇಯುವುದು ಉಳಿದಿತ್ತು, ಅಷ್ಟೇ.

ಇಲ್ಲಿ ಯಾರು ನೇಯುತ್ತಾರೆ, ಮನುಷ್ಯರೇ ಇಲ್ಲದ ಗುಡ್ಡದಲ್ಲಿ ಎಂದು ಕೇಳಿಕೊಳ್ಳಬೇಕಾದ ಹೊತ್ತು ಅದು. ಅವಳು ಕೇಳಿಕೊಳ್ಳಲಿಲ್ಲ. ಅಂಚಿನ ಹತ್ತಿರ ಒಂದು ಎಳೆ ಕಡಿದು ಜೋತುಬಿದ್ದಿತ್ತು, ಅವಳ ಕಣ್ಣೆಲ್ಲ ಅದರ ಮೇಲೆ. ಬಟ್ಟೆ ಮಾರುವವರ ಮನೆಯಲ್ಲಿ ಆರು ವರ್ಷ ಮಗ್ಗ ಮುಟ್ಟದೆ ಬದುಕಿದ ಕೈ. ಕಡಿದ ಎಳೆ ಕಂಡು ಸುಮ್ಮನೆ ಹೋಗುವುದು ನೇಕಾರರ ಪೈಕಿ ಯಾರಿಂದಲೂ ಆಗದ ಮಾತು. ಅವಳು ತಿಳಿಯುವ ಮೊದಲೇ ಬೆರಳುಗಳು ಎರಡು ತುದಿ ಹಿಡಿದು, ಹೊಸೆದು, ಕೂಡಿಸಿಬಿಟ್ಟಿದ್ದವು.

ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಎಳೆ ಕೂಡಿಸಿದವರೇ ಕೂತು ಆ ಸೀರೆ ಮುಗಿಸಬೇಕು, ಮುಟ್ಟಿ ಬಿಟ್ಟು ಏಳಬಾರದು. ಅಜ್ಜ ವೀರಣ್ಣ ಊಟಕ್ಕೆ ಕೂತವರನ್ನೂ ಎಬ್ಬಿಸಿ ಮಗ್ಗಕ್ಕೆ ಕೂರಿಸುತ್ತಿದ್ದ. ದಾನೇಶ್ವರಿ ಕುಣಿಯಲ್ಲಿ ಕಾಲು ಇಳಿಬಿಟ್ಟಳು. ಲಾಳಿ ಕೈಗೆ ತೆಗೆದುಕೊಂಡಾಗ ಒಳಗಿನ ಕಂಡಿಕೆಗೆ ಸುತ್ತಿದ ನೂಲು ಒದ್ದೆಯಾಗಿತ್ತು. ನೇಯುವ ಮುಂಚೆ ನೂಲನ್ನು ನೆನೆಸಿಡುತ್ತಾರೆ. ಯಾರೋ ಈಗಷ್ಟೇ ನೆನೆಸಿಟ್ಟು ಎದ್ದುಹೋದ ಹಾಗಿತ್ತು. ಆಗಲಾದರೂ ಹೆದರಬೇಕಿತ್ತು. ಅವಳಿಗೆ ಆದದ್ದು ಸಂತೋಷ, ತೀರಾ ಸಣ್ಣವಳಾಗಿದ್ದಾಗ ಆಗುತ್ತಿದ್ದಂಥ ಸಂತೋಷ. ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು. ಮೊದಲ ಹೊಡೆತಕ್ಕೇ ಹೊಟ್ಟೆಯೊಳಗೆ ಕೂಸು ಮಿಸುಕಿತು.

ಮತ್ತೆ ಹೊಡೆದಳು, ಮತ್ತೆ ಮಿಸುಕಿತು. ಅವಳ ಕಣ್ಣಲ್ಲಿ ನೀರು ಬಂತು. ಅಳುತ್ತಲೇ, ನಗುತ್ತಲೇ ನಾಲ್ಕು ಬೆರಳನ್ನೂ ನೇಯ್ದು ಮುಗಿಸಿದಳು. ಸೀರೆಯನ್ನು ಮಗ್ಗದಿಂದ ಕೊಯ್ದು, ಮಡಿಸಿ, ತನ್ನ ಹಣೆಯ ಕುಂಕುಮವನ್ನೇ ಸೆರಗಿನ ತುದಿಗೆ ಹಚ್ಚಿದಳು. ಕುಬಸದ ಸೀರೆ ಮಗ್ಗದಿಂದ ಇಳಿಸಿದಾಗ ನೇಯ್ದವರು ಹೇಳಬೇಕಾದ ಮಾತೊಂದಿದೆ. ಅಜ್ಜ ಹೇಳುತ್ತಿದ್ದ, ಅವ್ವ ಹೇಳುತ್ತಾಳೆ, ಗಿರಾಕಿ ಯಾವ ಊರಿನವರೇ ಇರಲಿ, ಉಡುವವಳ ಮುಖ ನೋಡಿರಲಿ ಬಿಡಲಿ. ಅದೂ ಬಾಯಿಗೆ ತಾನಾಗಿಯೇ ಬಂತು.

"ಉಟಗೊಂಡು ತವರಿಗೆ ಬಾರವ್ವ."

"ಹೂಂ," ಎಂದಿತು ಒಳಮನೆಯ ಕತ್ತಲೆ.

ಹೆಣ್ಣಿನ ದನಿ. ದಣಿದ ದನಿ. ಬಹಳ ಹೊತ್ತು ಕಾದವರು ಕೊನೆಗೆ ಕರೆ ಬಂದಾಗ ಓಗೊಡುವಂಥದ್ದು. ದಾನೇಶ್ವರಿ ಸೀರೆಯನ್ನು ಅಲ್ಲೇ ಮಗ್ಗದ ಅಂಚಿಗೆ ಬಿಟ್ಟು ಎದ್ದಳು. ಹೇಗೆ ಓಣಿ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

ಕಲ್ಮೇಶ ಅವಳನ್ನು ಹುಡುಕುತ್ತ ಜಾಲಿಮುಳ್ಳಿನ ಹತ್ತಿರ ಬಂದಿದ್ದ. ಅವಳ ಸೀರೆ ಮೊಣಕಾಲಿನವರೆಗೆ ತೊಯ್ದು ನೀರು ಇಳಿಯುತ್ತಿತ್ತು.

"ನೀರಾಗ ಯಾಕ ಇಳದಿದ್ದಿ? ಇಂಥಾದ್ರಾಗ ಕಾಲು ಜಾರಿದ್ರ?"

"ನೀರಾಗ ಇಳದಿಲ್ರಿ. ಅಲ್ಲಿ ಓಣಿ ಐತಿ," ಎಂದು ಅವಳು ಹಿಂದಿರುಗಿ ಬೆರಳು ಮಾಡಿದಳು.

ಕಲ್ಲು ಹಾಸಿದ ಓಣಿಯ ಮೊದಲ ಒಂದೆರಡು ಮೆಟ್ಟಿಲು ಕಾಣುತ್ತಿದ್ದವು. ಅಲ್ಲಿಂದಾಚೆಗೆ ನೀರು, ಗಾಳಿಗೆ ಸಣ್ಣಗೆ ಅಲುಗುತ್ತ, ಬಿಸಿಲಿಗೆ ಹೊಳೆಯುತ್ತ ಮಲಗಿತ್ತು.

ಆ ಸಂಜೆಯೇ ಹೊರಡಬೇಕೆಂದು ಅವಳು ಹಟ ಹಿಡಿದಳು. ದೋಣಿಯಲ್ಲಿ ಕೂತ ಮೇಲೆ ಗಂಗಾರಾಮನನ್ನು ಕೇಳಿದಳು, ಪಡುವಣ ಕಡೆಯ ಓಣಿಯ ಕೊನೆಗೆ ಚೌಕಟ್ಟು ಇರುವ ಮನೆ ಯಾರದು ಎಂದು. ಗಂಗಾರಾಮ ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಆ ಓಣಿ ಈ ವರ್ಷ ಇನ್ನೂ ಎದ್ದಿಲ್ರಿ ಅಕ್ಕಾರ. ನೀರು ಭಾಳ ಐತಿ. ನೀವು ಹ್ಯಾಂಗ ನೋಡಿದ್ರಿ?"

ಅವಳು ಇನ್ನೂ ಆರದ ಸೀರೆಯ ಅಂಚು ಹಿಂಡಿದಳು. ಗಂಗಾರಾಮ ತಾನೇ ಹೇಳಿದ.

"ಕಡೀ ಮನಿ ನೇಕಾರ ಜಕ್ಕಪ್ಪಂದ್ರಿ. ಅವನ ಮಗಳು ಹಣಮವ್ವನ್ನ ಆಚೆ ದಂಡಿ ಊರಿಗೆ ಕೊಟ್ಟಿದ್ರು. ಬಸರಿದ್ಲು. ಅಕಿ ಕುಬಸದ ಸೀರಿ ಮಗ್ಗದ ಮ್ಯಾಲಿತ್ತು. ಆ ವರ್ಷ ನೀರು ಎಣಿಸಿದ್ದಕ್ಕಿಂತ ಮೊದಲ ಬಂತು, ಎಲ್ಲಾರೂ ಉಟ್ಟ ಬಟ್ಟೀ ಮ್ಯಾಲ ಎದ್ದು ಹೋದ್ವಿ. ಸೀರಿ ಹಂಗ ಉಳೀತು. ಹೊಸಾ ಊರಾಗ ತಗಡಿನ ಶೆಡ್ಡು, ಮಗಳನ್ನ ಎಲ್ಲಿ ಕರಕೊಂಡು ಬರಬೇಕು? ಜಕ್ಕಪ್ಪ ಇವತ್ತು ನಾಳೆ ಅಂದ. ಅಕಿಗೆ ದಿನಾ ತುಂಬಿದ್ವು. ಯಾರೂ ಕರೀಲಿಕ್ಕೆ ಬರವಲ್ರು ಅಂತ ತಾನ ಹರಗೋಲು ಹತ್ತಿ ತವರಿಗೆ ಹೊಂಟ್ಲು. ನಡುನೀರಾಗ ಹರಗೋಲು ಮುಗಚಿತು. ಅಂಬಿಗ ಸಿಕ್ಕ. ಅಕಿ ಸಿಗಲಿಲ್ಲ."

ಇಪ್ಪತ್ತು ವರ್ಷದ ಮೇಲಾಯಿತು ಎಂದ. ಜಕ್ಕಪ್ಪ ಆಮೇಲೆ ಲಾಳಿ ಮುಟ್ಟಲಿಲ್ಲವಂತೆ, ಹೆಚ್ಚು ದಿನ ಬದುಕಲೂ ಇಲ್ಲವಂತೆ. ದಾನೇಶ್ವರಿ ಗಂಡನ ತೋಳು ಹಿಡಿದುಕೊಂಡಳು. ಅವಳ ಎದೆಯಲ್ಲಿ ಒಂದೇ ಒಂದು ಮಾತು ಸುತ್ತುತ್ತಿತ್ತು. ತವರಿಗೆ ಬಾ ಎಂದವಳು ತಾನು. ತನ್ನ ಬಾಯಲ್ಲಿ ತವರೆಂದರೆ ಇರುವುದು ಒಂದೇ, ರಬಕವಿಯಲ್ಲಿ, ಹೊಳೆಯ ದಂಡೆಗೆ, ಅವ್ವ ನೀಲವ್ವನ ಮನೆ. ಈ ಹಿನ್ನೀರೂ ಆ ಹೊಳೆಯೂ ಒಂದೇ ಕೃಷ್ಣೆ.

ಕಲ್ಮೇಶನಿಗೆ ಎಲ್ಲ ಹೇಳಿದಳು. ಅವನು ಬಿಸಿಲು ಬಡಿದಿದೆ ಎಂದ. ಅತ್ತೆಗೆ ಹೇಳಿದಳು. ಶಿವಗಂಗವ್ವ ಬಿಸಿಲಿನ ಮಾತಾಡಲಿಲ್ಲ, ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದಳು. ಅವು ಸುಟ್ಟರೂ ಘಾಟು ಬರಲಿಲ್ಲ, ದೃಷ್ಟಿ ಬಲವಾಗಿ ತಾಗಿದೆ ಎಂದೇ ಅದರ ಅರ್ಥ. ಆದರೆ ಕೂಸು ಮಾತ್ರ ಆ ದಿನದಿಂದ ಚೆನ್ನಾಗಿ ಮಿಸುಕುತ್ತಿತ್ತು, ಡಾಕ್ಟರಮ್ಮನೂ ಎಲ್ಲ ಸರಿಯಾಗಿದೆ ಎಂದಳು. ಮನುಷ್ಯನ ಮನಸ್ಸು ಹೇಗೆಂದರೆ, ಒಳ್ಳೆಯದು ನಡೆಯುತ್ತಿದ್ದರೆ ಅಂಜಿಕೆಯನ್ನು ಅಟ್ಟದ ಮೇಲಿಟ್ಟುಬಿಡುತ್ತದೆ. ದಾನೇಶ್ವರಿಯೂ ಇಟ್ಟಳು.

ಏಳನೆಯ ತಿಂಗಳಿಗೆ ಲೋಕಾಪುರದಲ್ಲಿ ಕುಬಸವಾಯಿತು. ನೀಲವ್ವ ತಾನೇ ನೇಯ್ದ ಹಸಿರು ಸೀರೆ ತಂದು ಮಗಳಿಗೆ ಉಡಿಸಿದಳು, ಹಸಿರು ಬಳೆ ಇಡಿಸಿದಳು, ಓಣಿಯ ಮುತ್ತೈದೆಯರೆಲ್ಲ ಉಡಿ ತುಂಬಿದರು. ನೀಲವ್ವ ಗಟ್ಟಿ ಹೆಂಗಸು. ಮಗ ಪಕ್ಕದ ಓಣಿಯಲ್ಲಿ ಬೇರೆ ಮನೆ ಮಾಡಿಕೊಂಡು ಕರೆದರೂ, ತನ್ನ ಮಗ್ಗ ಬಿಟ್ಟು ಬರುವುದಿಲ್ಲ ಎಂದು ಜಗಳಾಡಿ ಉಳಿದವಳು. "ಬಾಣಂತಿ ಕೋಣಿ ಸಾರಿಸಿ, ಸುಣ್ಣಾ ಹಚ್ಚಿ ಇಡ್ತೀನಿ," ಎಂದಳು. "ಬರೂ ಸೋಮವಾರ ಬಂದು ಕರಕೊಂಡು ಹೋಗ್ತೀನಿ ತಯಾರಾಗಿರು." ಮಗಳ ಗಲ್ಲ ಹಿಡಿದು ಲಟಿಗೆ ಮುರಿದು ಬಸ್ಸು ಹತ್ತಿದಳು.

ಅಷ್ಟರಲ್ಲಿ ಮೇಲೆ ಮಳೆ ಹಿಡಿಯಿತು. ಕೃಷ್ಣೆ ತುಂಬಿ ಬಂತು. ಸೋಮವಾರ ನೀಲವ್ವ ಬರಲಿಲ್ಲ. ಮಧ್ಯಾಹ್ನ ದಾನೇಶ್ವರಿಯೇ ಫೋನು ಮಾಡಿದಳು.

"ಯಾಕ ಬರಲಿಲ್ಲ ಬೇ? ನಾ ಚೀಲಾ ಕಟ್ಟಿಕೊಂಡು ಕುಂತೀನಿ."

ಆ ಕಡೆ ಅವ್ವ ದನಿ ತಗ್ಗಿಸಿದಳು, ಒಳಗೆ ಮಲಗಿದವರಿಗೆ ಎಚ್ಚರವಾದೀತು ಎಂಬಂತೆ.

"ಹ್ಯಾಂಗ ಬರಲೇ ದಾನವ್ವಾ. ಮನ್ಯಾಗ ಹೆಂಗಸು ಅದಾಳ. ನಿನ್ನೆ ಹೊತ್ತು ಮುಳುಗೂ ಮುಂದ ಹೊಳೀ ಕಡಿಂದ ಬಂದ್ಲು. ಹಸರ ಸೀರಿ ಉಟ್ಟಾಳ. ತುಂಬಿದ ಬಸರಿ. ಪೂರಾ ತೊಯ್ದಿದ್ಲು. ಯಾರವ್ವಾ ನೀ ಅಂದೆ. ದಾನಕ್ಕ ತವರಿಗೆ ಬಾ ಅಂತ ಕರದಾಳ, ಅದಕ್ಕ ಬಂದೀನಿ ಅಂದ್ಲು. ನಿನ್ನ ಗೆಳತೇರ ಪೈಕಿ ಇರಬೇಕು ಅಂತ ಒಳಗ ಕರಕೊಂಡೆ."

ದಾನೇಶ್ವರಿ ಎಲ್ಲವನ್ನೂ ಹೇಳಿದಳು, ಓಣಿ, ಮಗ್ಗ, ನಾಲ್ಕು ಬೆರಳು, ತಾನು ಆಡಿದ ಮಾತು, ಹಣಮವ್ವ ಮುಳುಗಿದ್ದು.

"ಸೆರಗಿನಾಗ ನಿನ್ನ ಕೈ ಕಂಡೆ ನಾ," ಎಂದಳು ನೀಲವ್ವ. "ಕಡೀ ನಾಕು ಬೆರಳಿನಾಗ. ನಿನ್ನ ಹೊಡತ ನನಗ ಗೊತ್ತಾಗಂಗಿಲ್ಲೇನು? ಮತ್ತ ಅಕಿ ಕುಂತ ಜಾಗಾ ಒಣಗವಲ್ದು. ಬೆಳಿಗ್ಗಿಂದ ಒರಸಾಕತ್ತೀನಿ."

"ಹೋಗು ಅನ್ನು ಬೇ ಅಕಿಗೆ."

"ನಾ ಹ್ಯಾಂಗ ಅನ್ನಲಿ? ಕರದಾಕಿ ನೀನು. ಕರದಾವರ ಹೋಗು ಅನಬೇಕು. ನೀ ಬಂದು ಅಂದ್ರ ಹೋಗ್ತಾಳ ಅನಸ್ತೈತಿ. ಆದ್ರ ಒಳಗ ಬರಬ್ಯಾಡ. ಹೊಸ್ತಲಾ ದಾಟಬ್ಯಾಡ."

ಏಕೆಂದು ದಾನೇಶ್ವರಿ ಕೇಳಬೇಕಿರಲಿಲ್ಲ. ಒಂದೇ ಸೂರಿನ ಕೆಳಗೆ ಎರಡು ಬಾಣಂತನ ಆಗಬಾರದು, ಒಂದು ತೊಟ್ಟಿಲು ತುಂಬಿದರೆ ಇನ್ನೊಂದು ಬರಿದಾಗುತ್ತದೆ ಎಂದು ಆ ಕಡೆಯ ಹೆಂಗಸರು ನಂಬುತ್ತಾರೆ. ಅಕ್ಕತಂಗಿಯರು ಒಟ್ಟಿಗೆ ಬಸಿರಾದರೆ ಒಬ್ಬಳನ್ನು ಸೋದರಮಾವನ ಮನೆಗೆ ಕಳಿಸಿಬಿಡುತ್ತಾರೆ. ಇದನ್ನು ನಂಬದವರು ನಗಬಹುದು. ಎರಡು ಸಲ ಕಳೆದುಕೊಂಡವಳು ನಗಲಾರಳು.

ಕಲ್ಮೇಶ ಕಾರು ಬಾಡಿಗೆಗೆ ತಂದ. ದಾರಿಯುದ್ದಕ್ಕೂ ದಾನೇಶ್ವರಿ ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತ ಬಂದಳು. ಇದು ನಿನ್ನ ತವರಲ್ಲವ್ವ, ನಾನು ತಿಳಿಯದೆ ಕರೆದೆ, ಹೋಗಿಬಿಡು. ಇಷ್ಟೇ ತಾನೆ. ಇದರಲ್ಲಿ ಏನು ಕಷ್ಟ? ತನ್ನ ಅವ್ವ ತನಗೆ ಬೇಕು, ತನ್ನ ಕೋಣೆ ತನಗೆ ಬೇಕು. ಅದರಲ್ಲಿ ತಪ್ಪೇನಿದೆ?

ರಬಕವಿ ತಲುಪಿದಾಗ ಹಗಲು ಇನ್ನೂ ಬೆಳ್ಳಗಿತ್ತು. ಓಣಿಯಲ್ಲಿ ಮಗ್ಗಗಳು ಟಕ್ಕು ಟಕ್ಕು ಅನ್ನುತ್ತಿದ್ದವು. ಅವ್ವನ ಮನೆಯ ಮಗ್ಗವೊಂದೇ ಸುಮ್ಮನಿತ್ತು. ಬಾಗಿಲಿನ ಮುಂದಿನ ಕಟ್ಟೆಯ ಮೇಲೆ ಒದ್ದೆ ಹೆಜ್ಜೆಗಳು ಒಳಕ್ಕೆ ಹೋಗಿದ್ದವು. ಹೊರಕ್ಕೆ ಬಂದ ಹೆಜ್ಜೆಗಳಿರಲಿಲ್ಲ. ಕಲ್ಮೇಶ ಅವನ್ನು ನೋಡಿದ, ಬಿಸಿಲಿನ ಮಾತು ಮತ್ತೆ ಎತ್ತಲಿಲ್ಲ. ಕಾರಿನ ಹತ್ತಿರವೇ ನಿಂತುಬಿಟ್ಟ.

ದಾನೇಶ್ವರಿ ಹೊಸ್ತಿಲಿನ ಈಚೆ ನಿಂತು ಒಳಗೆ ನೋಡಿದಳು. ಹೊಸ ಸುಣ್ಣದ ವಾಸನೆ ಬರುತ್ತಿತ್ತು. ತನಗೆಂದು ಸಾರಿಸಿದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವ್ವನ ಬೆನ್ನು ಕಾಣುತ್ತಿತ್ತು. ಅವ್ವ ಯಾರದೋ ಉದ್ದ ಕೂದಲಿಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಕೂದಲಿನಿಂದ ನೀರು ಇಳಿದು ಅವ್ವನ ಮಡಿಲು ತೊಯ್ದಿತ್ತು. ಅವ್ವ ಅದನ್ನು ಲೆಕ್ಕಿಸಿದಂತೆ ಇರಲಿಲ್ಲ. ತಾನು ಸಣ್ಣವಳಿದ್ದಾಗ ಬಾಚುತ್ತಿದ್ದಳಲ್ಲ, ಸಿಕ್ಕು ಬಂದಲ್ಲಿ ನೋಯಬಾರದೆಂದು ಬುಡ ಹಿಡಿದುಕೊಂಡು, ಹಾಗೆಯೇ ಬಾಚುತ್ತಿದ್ದಳು.

"ಅವ್ವಾ," ಎಂದಿತು ಒಳಗಿನ ದನಿ, ಅಂದು ಹೂಂ ಎಂದ ಅದೇ ದನಿ. "ಬಾಗಲದಾಗ ದಾನಕ್ಕ ಬಂದಾಳೇನು?"

ನೀಲವ್ವ ಹಣಿಗೆ ಹಿಡಿದ ಕೈ ತಡೆದಳು. ತಿರುಗಲಿಲ್ಲ.

"ನನ್ನ ಕಳಸಾಕ ಬಂದಾಳೇನು?"

ಬಾಯಿಪಾಠ ಮಾಡಿದ ಮಾತು ದಾನೇಶ್ವರಿಯ ನಾಲಿಗೆಯ ತುದಿಯಲ್ಲೇ ಇತ್ತು. ಹೊಟ್ಟೆಯೊಳಗೆ ಕೂಸು ಅಲುಗಾಡದೆ ನಿಂತಿತ್ತು. ದಾರಿಯುದ್ದಕ್ಕೂ ಒದೆಯುತ್ತಿದ್ದುದು ಈಗ ಉಸಿರು ಹಿಡಿದು ಕಾಯುವಂತೆ ನಿಂತಿತ್ತು. ಅವಳಿಗೆ ಭಯವಾಯಿತು, ಹಿಂದೆ ಎರಡು ಸಲ ಆಗಿದ್ದಕ್ಕಿಂತ ದೊಡ್ಡ ಭಯ. ದಿನ ತುಂಬಿದವಳನ್ನು ತವರಿನ ಬಾಗಿಲಿಂದ ಹೊರಗೆ ದಬ್ಬಿದರೆ ತನ್ನದು ಉಳಿದೀತೆ? ಭಯದ ಜೊತೆಗೇ ಇನ್ನೊಂದೂ ಬಂತು. ಹೋಗು ಎಂದರೆ ಅವಳು ಹೋಗುವುದಾದರೂ ಎಲ್ಲಿಗೆ? ತನ್ನನ್ನು ಕರೆಯಲು ಯಾರಾದರೂ ಬಂದಾರು ಎಂದು ಕಾದು ಕಾದು ನೀರಿಗೆ ಬಿದ್ದವಳು. ಇಷ್ಟು ವರ್ಷಕ್ಕೆ ಒಬ್ಬಳು ಕರೆದಿದ್ದಾಳೆ, ಅವಳೇ ಬಂದು ಹೊರಡು ಅನ್ನಬೇಕೆ? ಅದು ತನ್ನಿಂದಾಗದು ಎಂದು ದಾನೇಶ್ವರಿಗೆ ಆ ಕ್ಷಣ ಗೊತ್ತಾಯಿತು.

"ಇಲ್ಲವ್ವ," ಎಂದಳು. "ಸುಮ್ನ ನೋಡಿಕೊಂಡು ಹೋಗಾಕ ಬಂದಿದ್ದೆ. ನೀ ಆರಾಮ ಇರು."

ಕೂಸು ಒದೆಯಿತು.

ನೀಲವ್ವ ಎದ್ದು ಬಾಗಿಲಿಗೆ ಬಂದಳು. ಹೊಸ್ತಿಲಿನ ಆಚೆ ಅವಳು, ಈಚೆ ಮಗಳು. ನೀಲವ್ವನ ಕೈ ತಣ್ಣಗೆ ಒದ್ದೆಯಾಗಿತ್ತು, ಬೆರಳ ತುದಿಗಳು ಬಹಳ ಹೊತ್ತು ನೀರಿನಲ್ಲಿಟ್ಟಂತೆ ನಿರಿಗೆಗಟ್ಟಿದ್ದವು. ಆ ಕೈಯಿಂದಲೇ ಮಗಳ ಹೊಟ್ಟೆ ಸವರಿದಳು, ಗಲ್ಲ ಸವರಿದಳು.

"ನನ್ನ ಜೋಡಿ ಬಾ ಬೇ," ಎಂದಳು ದಾನೇಶ್ವರಿ, ಅಳು ತಡೆಯಲಾರದೆ. "ಕೋಣಿ ಅಕಿಗೆ ಇರಲಿ. ನೀ ಲೋಕಾಪುರಕ್ಕ ಬಾ. ಅಲ್ಲೇ ನನ್ನ ಬಾಣಂತನಾ ಮಾಡು."

ನೀಲವ್ವ ಒಂದು ಕಾಲು ಎತ್ತಿ ಹೊಸ್ತಿಲ ಮೇಲೆ ಇಟ್ಟಳು. ಒಳಗಿನಿಂದ "ಅವ್ವಾ" ಎಂದು ಕರೆ ಬಂತು, ಬೇನೆ ಎದ್ದವಳ ದನಿ. ನೀಲವ್ವ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಅಕಿಗೆ ಬ್ಯಾನಿ ಸುರುವಾಗ್ಯಾವ. ಇವತ್ತು ನಾಳೆ ಹಡೀತಾಳ. ಹಡದ ಮರುದಿನಾನ ಬರ್ತೀನಿ ದಾನವ್ವಾ. ನೀ ಹೋಗು, ಹೊತ್ತು ಮುಳುಗೂದರಾಗ ಮನಿ ಸೇರು."

ಆ ಮರುದಿನ ಬರಲೇ ಇಲ್ಲ. ದಿನ ತುಂಬಿದಾಗ ದಾನೇಶ್ವರಿ ಜಮಖಂಡಿಯ ಆಸ್ಪತ್ರೆಯಲ್ಲಿ ಹಡೆದಳು. ಹೆಣ್ಣು ಕೂಸು, ಮೈಕೈ ತುಂಬಿಕೊಂಡು ಆರೋಗ್ಯವಾಗಿತ್ತು. ಶಿವಗಂಗವ್ವ ಎಣ್ಣೆ ನೀರು ಎಲ್ಲ ತಾನೇ ನೋಡಿಕೊಂಡಳು, ಒಂದು ಮಾತು ಎತ್ತಿ ಆಡಲಿಲ್ಲ. ಕಲ್ಮೇಶ ಅಂಗಡಿಯಲ್ಲಿ ಫೋನು ತೆಗೆದು ದ್ವೀಪ ನೋಡುವುದನ್ನು ಬಿಟ್ಟ. ರಬಕವಿಗೆ ಅವನು ಮತ್ತೆರಡು ಸಲ ಹೋಗಿ ಬಂದ. ಪಕ್ಕದ ಓಣಿಯಲ್ಲಿರುವ ನೀಲವ್ವನ ಮಗ ಗುರಪ್ಪನೂ ದಿನಾ ಹೋಗಿ ನೋಡುತ್ತಾನೆ. ಅವರಿಬ್ಬರ ಕಣ್ಣಿಗೂ ಕೋಣೆಯಲ್ಲಿ ಬೀಳುವುದು ಹಾಸಿಗೆ, ಆರದ ನೆಲ, ಇಬ್ಬರು ಉಂಡ ಎರಡು ಗಂಗಾಳ. ಅತ್ತೆಯನ್ನು ಎತ್ತಿಕೊಂಡಾದರೂ ಬರುತ್ತೇನೆ ಎಂದು ಹೋದ ಕಲ್ಮೇಶ ಬರಿಗೈಯಲ್ಲಿ ತಿರುಗಿ ಬಂದ. ಹೊಸ್ತಿಲವರೆಗೆ ಬರುತ್ತಾಳೆ, ಯಾರೋ ಕರೆದಂತೆ ತಿರುಗಿ ಒಳಗೆ ಹೋಗುತ್ತಾಳೆ ಎಂದ.

ದಾನೇಶ್ವರಿ ಇನ್ನು ಹೋಗಬಹುದಿತ್ತು, ಹೆರಿಗೆ ಆಯಿತಲ್ಲ ಎನ್ನಬಹುದು. ಎದೆಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡು, ತುಂಬಿದ ಬಸಿರಿ ಕಾಯುತ್ತಿರುವ ಮನೆಗೆ ಯಾವ ತಾಯಿ ಹೋದಾಳು? ಕೂಸನ್ನು ಬಿಟ್ಟು ಒಬ್ಬಳೇ ಹೋಗಿ ಹಣಮವ್ವನಿಗೆ ಹೊರಡು ಎನ್ನಲು ಎರಡು ಸಲ ಸೀರೆ ಉಟ್ಟು ಬಾಗಿಲವರೆಗೆ ಬಂದಳು. ಎರಡು ಸಲವೂ ತೊಟ್ಟಿಲಲ್ಲಿ ಮಲಗಿದ್ದ ಮಗು ಅಳದೆ, ಅಲುಗದೆ, ಕಣ್ಣು ತೆರೆದು ಸುಮ್ಮನೆ ಮೇಲೆ ನೋಡತೊಡಗಿತು. ಸೀರೆ ಬಿಚ್ಚಿಟ್ಟಳು.

ಮಗುವಿಗೆ ಈಗ ಹಲ್ಲು ಬಂದಿವೆ, ಗೋಡೆ ಹಿಡಿದು ನಿಲ್ಲುತ್ತದೆ. ದಾನೇಶ್ವರಿ ದಿನಾ ಮಧ್ಯಾಹ್ನ ರಬಕವಿಗೆ ಫೋನು ಮಾಡುತ್ತಾಳೆ. ಅವ್ವನ ದನಿ ದಿನದಿಂದ ದಿನಕ್ಕೆ ದೂರವಾಗುತ್ತಿದೆ, ಹಿಂದೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತದೆ.

"ಕೂಸು ಯಾರ ಹಂಗ ಐತೇ?" ಎಂದು ನೀಲವ್ವ ಕೇಳುತ್ತಾಳೆ, ನಿನ್ನೆ ಕೇಳಿದ್ದು ನೆನಪಿಲ್ಲದವಳಂತೆ.

"ನಿನ್ನಂಗ ಐತಿ ಬೇ. ಬಂದು ನೋಡು."

"ಬರ್ತೀನಿ ತಾಯಿ. ಇಕಿಗೆ ಬ್ಯಾನಿ ಭಾಳ ಆಗ್ಯಾವ. ಇವತ್ತು ನಾಳೆ ಹಡೀತಾಳ. ಹಡದ ಮರುದಿನಾನ ಬರ್ತೀನಿ."

"ಆತು ಬೇ," ಎನ್ನುತ್ತಾಳೆ ದಾನೇಶ್ವರಿ. ಮಗಳನ್ನು ಎತ್ತಿ, ಅವಳ ಉಸಿರಾದರೂ ಆ ಕಡೆ ಕೇಳಲಿ ಎಂದು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿಯುತ್ತಾಳೆ.